ಒಂದೇ ಮನೆ, ಎರಡು ಕಡತ: ಬೆಂಗಳೂರಿನ ಅಧಿಕಾರಿಗಳಿಗೊಂದು ಬಹಿರಂಗ ಪತ್ರ

ಬೆಂಗಳೂರಿನ ನಗರಾಡಳಿತ, ವಿದ್ಯುತ್ ಪೂರೈಕೆ ಮತ್ತು ನಗರ ಯೋಜನೆಯ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ,

ವಿಷಯ: ನಗರದ ಕಟ್ಟಡಗಳ ಅಳತೆ ಮತ್ತು ವಿದ್ಯುತ್ ಬಳಕೆಯನ್ನು ಸೇರಿಸಿ, ಇಡೀ ಊರಿಗೆ ಒಂದು ಲೆಕ್ಕದ ಮಾದರಿ ಕಟ್ಟುವಂತೆ ಮನವಿ.

ಮಾನ್ಯರೇ,

ಕಟ್ಟಡಗಳು ಎಷ್ಟು ಕರೆಂಟ್ ತಿನ್ನುತ್ತವೆ ಅಂತ ಮೊದಲೇ ಲೆಕ್ಕ ಹಾಕಿ ಹೇಳುವುದು ನನ್ನ ಕೆಲಸ. ಹದಿನಾಲ್ಕು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಹೊರವರ್ತುಲ ರಸ್ತೆಯಲ್ಲಿ ಒಂದು ಗಾಜಿನ ಆಫೀಸು ಏಳಬೇಕು ಅಂದರೆ, ಪಾಯ ತೋಡುವ ಮೊದಲೇ ಅದು ನನ್ನ ಕಂಪ್ಯೂಟರಿನಲ್ಲಿ ಎದ್ದು ನಿಂತಿರುತ್ತದೆ. ಯಾವ ಗೋಡೆಗೆ ಎಷ್ಟು ಹೊತ್ತಿಗೆ ಬಿಸಿಲು ಬೀಳುತ್ತದೆ, ಗಾಜು ಎಂಥದ್ದು, ಒಳಗೆ ಎಷ್ಟು ಜನ ಕೂರುತ್ತಾರೆ, ಎಸಿ ಎಷ್ಟು ಹೊತ್ತು ಓಡಬೇಕು. ವರ್ಷದ 8,760 ಗಂಟೆಗೂ ಲೆಕ್ಕ ಇರುತ್ತದೆ.

ಸಂಜೆ ನಾನು ಮನೆಗೆ ಬರುತ್ತೇನೆ. ನಗರದ ಪಶ್ಚಿಮ ಭಾಗದಲ್ಲಿ, 30-40 ಸೈಟಿನಲ್ಲಿ ಕಟ್ಟಿದ ಮೂರು ಮಹಡಿಯ ಬಾಡಿಗೆ ಮನೆ. ನಮ್ಮದು ಕೊನೆಯ ಮಹಡಿ. ನೆತ್ತಿಯ ಮೇಲೆ ಬರೀ ಸ್ಲ್ಯಾಬ್, ಅದರ ಮೇಲೆ ಕಪ್ಪು ಸಿಂಟೆಕ್ಸ್ ಟ್ಯಾಂಕ್. ಈ ಮನೆಯ ಲೆಕ್ಕ ಯಾರೂ ಹಾಕಿಲ್ಲ. ನಮ್ಮ ಬೀದಿಯ ಯಾವ ಮನೆಯದ್ದೂ ಹಾಕಿಲ್ಲ. ಈ ಪತ್ರ ಅದಕ್ಕೇ.

2024ರ ಏಪ್ರಿಲ್ ನಿಮಗೂ ನೆನಪಿರುತ್ತದೆ. ಬೋರ್‌ವೆಲ್‌ಗಳು ಬತ್ತಿ ಹೋಗಿದ್ದವು, ತಾಪ 38 ಡಿಗ್ರಿ ದಾಟಿತ್ತು. ನಮ್ಮ ಮನೆಯಲ್ಲಿ ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಬರುತ್ತಿದ್ದ ನೀರಿಗೆ ಕೈ ಒಡ್ಡಲು ಆಗುತ್ತಿರಲಿಲ್ಲ. ರಾತ್ರಿ ಹತ್ತಾದರೂ ಸ್ಲ್ಯಾಬ್ ತಣಿಯುತ್ತಿರಲಿಲ್ಲ. ಹಗಲೆಲ್ಲ ಕುಡಿದ ಬಿಸಿಯನ್ನು ಅದು ರಾತ್ರಿಯಿಡೀ ನಮ್ಮ ಮೇಲೆ ಸುರಿಯುತ್ತಿತ್ತು. ಎಪ್ಪತ್ತು ದಾಟಿದ ಅಮ್ಮ ಒದ್ದೆ ಟವಲ್ ಎದೆ ಮೇಲೆ ಹಾಕಿಕೊಂಡು ನೆಲದ ಮೇಲೆ ಮಲಗುತ್ತಿದ್ದರು. ಅಂಥ ಒಂದು ರಾತ್ರಿ ಹತ್ತೂವರೆಗೆ ಬೀದಿಯ ತುದಿಯ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸದ್ದು ಮಾಡಿ ನಿಂತುಹೋಯಿತು. ಫ್ಯಾನೂ ಇಲ್ಲ.

ಲೈನ್‌ಮನ್ ಬೇಗ ಬಂದರು. ಬೆವರು ಒರೆಸಿಕೊಳ್ಳುತ್ತಾ ಒಂದು ಗಂಟೆ ಕಂಬದ ಮೇಲೆ ಇದ್ದರು. ಅವರ ಬಗ್ಗೆ ನನಗೆ ದೂರಿಲ್ಲ, ಗೌರವ ಇದೆ. ಇಳಿದು ಬಂದ ಮೇಲೆ ನೀರು ಕುಡಿಯುತ್ತಾ ಅವರು ಹೇಳಿದ್ದು ಇಷ್ಟು: "ಅಕ್ಕಾ, ಈ ಟಿಸಿ ಕೂರಿಸಿದಾಗ ಈ ರೋಡಲ್ಲಿ ಒಂದ್ ಎಸಿನೂ ಇರ್ಲಿಲ್ಲ. ಈಗ ಎಷ್ಟಿದೆ ಅಂತ ಯಾರಿಗ್ ಗೊತ್ತು?"

ಮುಂದಿನ ಭಾನುವಾರ ಅಣ್ಣನ ಮಗಳನ್ನು ಕರೆದುಕೊಂಡು ಬೀದಿಯುದ್ದಕ್ಕೂ ನಡೆದೆ. ನೋಟ್‌ಬುಕ್ ಹಿಡಿದು ಗೋಡೆಗಳಲ್ಲಿ ನೇತಾಡುತ್ತಿದ್ದ ಎಸಿ ಔಟ್‌ಡೋರ್ ಯೂನಿಟ್‌ಗಳನ್ನು ಎಣಿಸಿದೆವು. 46 ಕಟ್ಟಡ, 31 ಎಸಿ. ಒಂದೂವರೆ ಟನ್ನಿನ ಎಸಿ ಒಂದು ಸುಮಾರು ಒಂದೂವರೆ ಕಿಲೋವ್ಯಾಟ್ ಎಳೆಯುತ್ತದೆ. ಕೆಲವು ಮನೆಯಲ್ಲಿ ಮೂರು ಕಿಲೋವ್ಯಾಟ್ ಮಂಜೂರಾತಿಯ ಮೀಟರ್ ಮೇಲೆ ಎರಡು ಎಸಿ, ಒಂದು ಗೀಸರ್, ಸಂಪಿನ ಪಂಪು. ಎಲ್ಲರೂ ರಾತ್ರಿ ಊಟ ಮುಗಿಸಿ ಒಟ್ಟಿಗೇ ಸ್ವಿಚ್ ಹಾಕಿದರೆ ಟಿಸಿ ನಿಲ್ಲದೆ ಇನ್ನೇನಾಗುತ್ತದೆ? ಲೈನ್‌ಮನ್ ಕೇಳಿದ ಪ್ರಶ್ನೆಗೆ ಉತ್ತರ ಒಂದು ಭಾನುವಾರದ ಕೆಲಸ ಆಗಿತ್ತು, ಅಷ್ಟೇ. ಆದರೆ ಅದು ಒಂದು ಬೀದಿ. ಬೆಂಗಳೂರಿನಲ್ಲಿ ಇಂಥ ಬೀದಿಗಳು ಸಾವಿರಾರು.

ಇಡೀ ಊರಿನ ಲೆಕ್ಕ ಹಾಕೋದು ಆಗುವ ಮಾತೇ ಅಂತ ನೀವು ಕೇಳಬಹುದು. ಆಗುತ್ತದೆ, ಬೇರೆ ಊರುಗಳಲ್ಲಿ ಮಾಡಿದ್ದಾರೆ. ಅಮೆರಿಕದ ಬಾಸ್ಟನ್ ನಗರಕ್ಕೆ 2016ರ ಹೊತ್ತಿಗೆ ಎಂಐಟಿ (ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ) ವಿಶ್ವವಿದ್ಯಾಲಯದವರು ನಗರ ಯೋಜನೆಯ ಕಚೇರಿಯ ಜೊತೆ ಸೇರಿ 80 ಸಾವಿರಕ್ಕೂ ಜಾಸ್ತಿ ಕಟ್ಟಡಗಳ ಗಂಟೆಗಂಟೆಯ ಬಳಕೆ ಲೆಕ್ಕ ಹಾಕಿದರು. ಒಂದೊಂದು ಮನೆಗೂ ಹೋಗಿ ಅಳೆಯಲಿಲ್ಲ. ನಗರದ ನಕ್ಷೆಯಿಂದ ಕಟ್ಟಡದ ಆಕಾರ, ಎತ್ತರ ತೆಗೆದುಕೊಂಡರು. ತೆರಿಗೆ ಕಡತದಿಂದ ಅದು ಮನೆಯೋ ಅಂಗಡಿಯೋ, ಯಾವ ಕಾಲದ್ದು ಅಂತ ತಿಳಿದುಕೊಂಡರು. ಒಂದೇ ಥರದ ಕಟ್ಟಡಗಳನ್ನು ಗುಂಪು ಮಾಡಿ, ಗುಂಪಿಗೊಂದು ಮಾದರಿ ಕಟ್ಟಿದರು. ಅದಕ್ಕೆ ಊರಿನ ಹವಾಮಾನ ಕೊಟ್ಟು ಲೆಕ್ಕ ಓಡಿಸಿದರು. ಇಂಥ ಲೆಕ್ಕಕ್ಕೆ ಬೇಕಾದ ಎನರ್ಜಿಪ್ಲಸ್ ಎಂಬ ತಂತ್ರಾಂಶವನ್ನು ಅಮೆರಿಕದ ಇಂಧನ ಇಲಾಖೆ ಪುಕ್ಕಟೆಯಾಗಿ ಕೊಡುತ್ತದೆ. ನಾನು ದಿನಾ ಬಳಸುವುದೂ ಅದನ್ನೇ. ಅಂದರೆ ದುಡ್ಡು ಕೊಟ್ಟು ತರಬೇಕಾದ್ದು ಜಾಸ್ತಿ ಇಲ್ಲ. ಬೇಕಾಗಿರುವುದು ಕಡತ.

ಆ ಕಡತಗಳು ನಿಮ್ಮ ಹತ್ತಿರವೇ ಇವೆ. ನನ್ನ ಸಂಕಟ ಇರುವುದು ಇಲ್ಲಿ.

ಆಸ್ತಿ ತೆರಿಗೆಯನ್ನೇ ನೋಡಿ. 2008ರಲ್ಲಿ ಬಂದ ಯೂನಿಟ್ ಏರಿಯಾ ಪದ್ಧತಿಯಲ್ಲಿ ಮನೆ ಮಾಲೀಕರು ತಾವೇ ಬರೆದುಕೊಡುತ್ತಾ ಬಂದಿದ್ದಾರೆ: ಯಾವ ಮಹಡಿ ಎಷ್ಟು ಚದರಡಿ, ಕಟ್ಟಡಕ್ಕೆ ಎಷ್ಟು ವರ್ಷ, ಮೇಲ್ಛಾವಣಿ ಆರ್‌ಸಿಸಿಯೋ, ಮರದ ತೊಲೆಯ ಮೇಲೆ ಇಟ್ಟಿಗೆ ಜೋಡಿಸಿದ ಮದ್ರಾಸ್ ಟೆರೇಸೋ, ಹೆಂಚೋ ಶೀಟೋ, ಸ್ವಂತಕ್ಕೋ ಬಾಡಿಗೆಗೋ. ವಾಣಿಜ್ಯ ಕಟ್ಟಡವಾದರೆ ಇಡೀ ಕಟ್ಟಡಕ್ಕೆ ಒಂದೇ ಎಸಿ ವ್ಯವಸ್ಥೆ ಇದೆಯೋ ಇಲ್ಲವೋ ಅನ್ನುವುದೂ ಅಲ್ಲಿ ಬರುತ್ತಿತ್ತು. ಕಟ್ಟಡದ ಮಾದರಿ ಕಟ್ಟಲು ಕೂತವರು ಮೊದಲು ಕೇಳುವ ಪ್ರಶ್ನೆಗಳೇ ಇವು! ತೆರಿಗೆಗಾಗಿ ಕೇಳಿದ್ದು ಬಿಸಿಲಿನ ಲೆಕ್ಕಕ್ಕೂ ಅಷ್ಟೇ ಚೆನ್ನಾಗಿ ಹೊಂದುತ್ತದೆ.

ಇನ್ನೊಂದು ಕಡೆ ಮೀಟರ್. ಗೃಹಜ್ಯೋತಿ ಯೋಜನೆ 2023ರಲ್ಲಿ ಶುರುವಾದಾಗ ಪ್ರತಿ ಮನೆಯ 2022-23ರ ತಿಂಗಳ ಸರಾಸರಿ ಎಷ್ಟು ಯೂನಿಟ್ ಅಂತ ಲೆಕ್ಕ ತೆಗೆದಿರಿ. ಅದರ ಮೇಲೆ ಹತ್ತು ಪರ್ಸೆಂಟ್ ಸೇರಿಸಿ, 200 ಯೂನಿಟ್‌ ಒಳಗಿದ್ದವರಿಗೆ ಬಿಲ್ ಸೊನ್ನೆ ಮಾಡಿದಿರಿ. ಅಂದರೆ ಒಂದೊಂದು ಮನೆಯ ವರ್ಷದ ಬಳಕೆ ಆಗಲೇ ಒಂದು ಕೋಷ್ಟಕದಲ್ಲಿ ಕೂತಿದೆ. ಸೋಲಾರ್ ವಾಟರ್ ಹೀಟರ್ ಹಾಕಿಸಿದವರಿಗೆ ಯೂನಿಟ್‌ಗೆ 50 ಪೈಸೆಯಂತೆ, ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿ ಕೊಡುತ್ತಾ ಬಂದಿದ್ದೀರಿ. ಆ ರಿಯಾಯಿತಿ ಯಾರಿಗೆ ಹೋಗಿದೆ ಅಂತ ನೋಡಿದರೆ ಯಾವ ಬಡಾವಣೆಯಲ್ಲಿ ಬೆಳಿಗ್ಗೆ ಆರಕ್ಕೆ ಗೀಸರ್ ಜಾಸ್ತಿ ಉರಿಯುತ್ತದೆ ಅಂತ ಊಹಿಸಬಹುದು.

ಒಂದೇ ಮನೆಯ ಅಳತೆ ಒಂದು ಕಚೇರಿಯಲ್ಲಿ, ಅದರ ಬಳಕೆ ಇನ್ನೊಂದು ಕಚೇರಿಯಲ್ಲಿ. ಎರಡನ್ನೂ ಕೂಡಿಸುವುದು ಇಷ್ಟು ವರ್ಷ ನಿಜವಾಗಿಯೂ ಕಷ್ಟವಿತ್ತು, ಒಪ್ಪುತ್ತೇನೆ. ತೆರಿಗೆ ರಸೀದಿಯಲ್ಲಿ ಹೊಸ ನಂಬರ್, ಕರೆಂಟ್ ಬಿಲ್ಲಿನಲ್ಲಿ ಹಳೇ ನಂಬರ್. ಒಂದರಲ್ಲಿ ಅಡ್ಡರಸ್ತೆ, ಇನ್ನೊಂದರಲ್ಲಿ ಕ್ರಾಸ್. ತೀರಿಹೋದ ತಾತನ ಹೆಸರಲ್ಲೇ ಇನ್ನೂ ಕರೆಂಟ್ ಸಂಪರ್ಕದ ಆರ್.ಆರ್. ನಂಬರ್. ಆಸ್ತಿಯ ಗುರುತಿನ ನಂಬರ್ ಆದ ಪಿಐಡಿ ಒಂದೇ, ಆದರೆ ಬಾಡಿಗೆದಾರರದ್ದೂ ಸೇರಿ ಐದು ಮೀಟರ್.

ಆದರೆ 2024ರ ಅಕ್ಟೋಬರ್‌ನಿಂದ ಇ-ಖಾತಾ, ಅಂದರೆ ಆಸ್ತಿಯ ಖಾತಾ ದಾಖಲೆಯ ಡಿಜಿಟಲ್ ರೂಪ, ಬಂತು. ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಆಸ್ತಿಗಳ ಕರಡು ಖಾತಾ ಆನ್‌ಲೈನ್‌ಗೆ ಏರಿತು. ನಮ್ಮ ಮನೆ ಮಾಲೀಕರಿಗೆ ಅರ್ಜಿ ತುಂಬಿಕೊಟ್ಟವಳು ನಾನೇ. ಕ್ರಯಪತ್ರ, ತೆರಿಗೆ ವಿವರ, ಆಧಾರ್, ಕಟ್ಟಡದ ಫೋಟೊ, ಆಸ್ತಿ ಇರುವ ಜಾಗದ ಗುರುತು. ಜೊತೆಗೆ ಕರೆಂಟ್ ಬಿಲ್ಲಿನ ಹತ್ತಂಕಿಯ ಅಕೌಂಟ್ ಐಡಿ. ಆ ಹತ್ತು ಅಂಕಿ ಟೈಪ್ ಮಾಡುವಾಗ ನನ್ನ ಕೈ ಒಂದು ಕ್ಷಣ ನಿಂತಿತು. ಇಷ್ಟು ವರ್ಷ ಇಲ್ಲದ ಕೊಂಡಿ ಇದೇ ಅಲ್ವಾ? ಆ ಅಂಕಿ ಕೊಟ್ಟ ಪ್ರತಿ ಮನೆಯ ಅಳತೆಯೂ ಮೀಟರೂ ಈಗ ಒಂದೇ ಸಾಲಿನಲ್ಲಿ ಕೂತಿವೆ. ಎಲ್ಲರೂ ಕೊಟ್ಟಿರಲಿಕ್ಕಿಲ್ಲ, ಕೆಲವು ತಪ್ಪೂ ಇರಬಹುದು. ಆದರೂ ಶುರು ಮಾಡಲು ಇಷ್ಟು ಸಾಕು.

ಮೀಟರ್ ಲೆಕ್ಕ ಇದ್ದ ಮೇಲೆ ಮಾದರಿ ಯಾಕೆ ಬೇಕು ಅಂತ ನನ್ನನ್ನು ಕೇಳಿದವರಿದ್ದಾರೆ. ಇದಕ್ಕೆ ಸ್ವಲ್ಪ ನಿಧಾನವಾಗಿ ಉತ್ತರ ಹೇಳಬೇಕು.

ಮೀಟರ್ ಯೂನಿಟ್ ಹೇಳುತ್ತದೆ. ಒಳಗಿರುವ ಜನ ಹೇಗಿದ್ದಾರೆ ಅಂತ ಹೇಳುವುದಿಲ್ಲ. ನಮ್ಮ ಬೀದಿಯ ಹಿಂದೆ ಒಂದು ಸಾಲು ಶೀಟ್ ಮನೆಗಳಿವೆ. ಮನೆಗೆಲಸಕ್ಕೆ, ಗಾರ್ಮೆಂಟ್ಸಿಗೆ ಹೋಗುವವರು ಇರುತ್ತಾರೆ. ಒಂದು ಫ್ಯಾನು, ಎರಡು ಬಲ್ಬು, ಒಂದು ಟಿವಿ. ತಿಂಗಳಿಗೆ ಐವತ್ತು ಯೂನಿಟ್ ಕೂಡ ದಾಟದ ಮನೆಗಳು. ಮೀಟರ್ ಲೆಕ್ಕದಲ್ಲಿ ಇವು ಬಹಳ ಒಳ್ಳೆಯ ಮನೆಗಳು, ಕರೆಂಟ್ ಉಳಿಸುವ ಮನೆಗಳು. ಆದರೆ ಏಪ್ರಿಲ್ ಮಧ್ಯಾಹ್ನ ಆ ಶೀಟಿನ ಕೆಳಗೆ ಒಂದು ನಿಮಿಷ ನಿಲ್ಲಿ. ನಾನು ನಿಂತಿದ್ದೇನೆ. ಒಬ್ಬ ತಾಯಿ ಕೂಸನ್ನು ಎತ್ತಿಕೊಂಡು ಹೊರಗೆ ಚರಂಡಿ ಕಟ್ಟೆಯ ಮೇಲೆ ಹೊಂಗೆ ಮರದ ನೆರಳಲ್ಲಿ ಕೂತಿದ್ದರು, ಒಳಗಿಂತ ಅದೇ ವಾಸಿ ಅಂತ. ಅವರು ಕಮ್ಮಿ ಯೂನಿಟ್ ಬಳಸುವುದು ಮನೆ ತಂಪಾಗಿರುವುದಕ್ಕಲ್ಲ. ಎಸಿ ಕೊಳ್ಳುವ ಶಕ್ತಿ ಇಲ್ಲದ್ದಕ್ಕೆ.

ಕಟ್ಟಡದ ಮಾದರಿ ಇದನ್ನು ತೋರಿಸುತ್ತದೆ. ಛಾವಣಿ ಶೀಟು, ಗೋಡೆ ಆರಿಂಚಿನ ಕಾಂಕ್ರೀಟ್ ಬ್ಲಾಕು, ಕಿಟಕಿ ಒಂದೇ ಕಡೆ, ಸಜ್ಜಾ ಇಲ್ಲ ಅಂತ ಹೇಳಿದರೆ, ಒಳಗೆ ಎಷ್ಟು ಹೊತ್ತಿಗೆ ಎಷ್ಟು ಸೆಕೆ ಅಂತ ಗಂಟೆಗಂಟೆಗೂ ಅದು ಹೇಳಬಲ್ಲದು. ಆ ಛಾವಣಿಗೆ ಬಿಳಿ ಬಳಿದರೆ ಏನಾಗುತ್ತದೆ ಅಂತಲೂ ಹೇಳುತ್ತದೆ. ಬೂದು ಕಾಂಕ್ರೀಟ್ ತನ್ನ ಮೇಲೆ ಬಿದ್ದ ಬಿಸಿಲಿನ ಸುಮಾರು ಮೂರನೇ ಎರಡು ಭಾಗ ಹೀರಿಕೊಳ್ಳುತ್ತದೆ. ಒಳ್ಳೆಯ ಬಿಳಿ ಲೇಪ ಸುಮಾರು ಕಾಲು ಭಾಗ. ಪಕ್ಕದ ತೆಲಂಗಾಣ 2023ರಲ್ಲೇ ತಂಪು ಛಾವಣಿ ನೀತಿ ತಂದಿತು. ನಾವೂ ತರಬಹುದು. ಆದರೆ ಬಣ್ಣದ ಡಬ್ಬ ಮೊದಲು ಯಾವ ಬೀದಿಗೆ ಹೋಗಬೇಕು? ಯೂನಿಟ್ ನೋಡಿ ಹಂಚಿದರೆ ಎಸಿ ಇದ್ದವರ ಮನೆಗೆ ಹೋಗುತ್ತದೆ. ಮಾದರಿ ನೋಡಿ ಹಂಚಿದರೆ ಆ ಕೂಸಿನ ಮನೆಗೆ ಹೋಗುತ್ತದೆ.

ಹಾಗಂತ ಬಾಸ್ಟನ್ನಿನ ಮಾದರಿಯನ್ನು ಇಲ್ಲಿ ತಂದು ಕೂರಿಸಬೇಡಿ. ಅಲ್ಲಿಯ ದೊಡ್ಡ ಖರ್ಚು ಚಳಿಗಾಲದಲ್ಲಿ ಮನೆ ಬೆಚ್ಚಗಿಡುವುದು. ನಮ್ಮಲ್ಲಿ ಅದು ಇಲ್ಲವೇ ಇಲ್ಲ. ನಮ್ಮದು ಬೆಳಿಗ್ಗೆಯ ಗೀಸರ್, ಸಂಪಿನಿಂದ ಟ್ಯಾಂಕಿಗೆ ಪಂಪು, ಲಿಫ್ಟು, ಯುಪಿಎಸ್, ರಾತ್ರಿಯ ಎಸಿ. ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ ಮೇಲಕ್ಕೆ ಹತ್ತಿ ಬಂದು, ಮತ್ತೆ ನಮ್ಮ ಮನೆಯ ಸಂಪಿನಿಂದ ಇನ್ನೊಮ್ಮೆ ಹತ್ತುತ್ತದೆ. ಇಂಥದ್ದು ಅವರ ಪಟ್ಟಿಯಲ್ಲಿ ಇರುವುದಿಲ್ಲ. ಕೆಳಗೆ ಅಂಗಡಿ, ಮಧ್ಯೆ ಪಿಜಿ, ಮೇಲೆ ಮಾಲೀಕರ ಮನೆ ಇರುವ ಕಟ್ಟಡವೂ ಇರುವುದಿಲ್ಲ. ಬಸವನಗುಡಿ, ಮಲ್ಲೇಶ್ವರದಲ್ಲಿ ಉಳಿದಿರುವ ದಪ್ಪ ಗೋಡೆ, ಎತ್ತರದ ಮದ್ರಾಸ್ ಟೆರೇಸಿನ ಮನೆ, ಎಂಬತ್ತರ ದಶಕದ ಒಂದಂತಸ್ತಿನ ಆರ್‌ಸಿಸಿ ಮನೆ, ಈಗಿನ ಸೈಟಿನ ಅಂಚಿನವರೆಗೂ ಕಟ್ಟಿದ ನಾಲ್ಕು ಮಹಡಿ, ಐಟಿ ಪಾರ್ಕಿನ ಗಾಜಿನ ಗೋಪುರ, ಶೀಟ್ ಮನೆ. ನಮ್ಮ ಗುಂಪುಗಳನ್ನು ನಾವೇ ಮಾಡಬೇಕು.

ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ. ಇಂಥ ಮಾದರಿ ಒಂದೊಂದು ಮನೆಗೆ ಹೇಳುವ ಅಂಕಿ ಬಹಳ ತಪ್ಪಬಹುದು. ಒಬ್ಬರು ಎಸಿ ಇದ್ದರೂ ಹಾಕಲ್ಲ, ಇನ್ನೊಬ್ಬರು ರಾತ್ರಿಯಿಡೀ ಆರಿಸಲ್ಲ. ಇನ್ನೂರು ಮುನ್ನೂರು ಮನೆ ಕೂಡಿಸಿದಾಗ ಹೆಚ್ಚುಕಮ್ಮಿ ಒಂದಕ್ಕೊಂದು ಸರಿಹೋಗುತ್ತದೆ. ಆದ್ದರಿಂದ ಇದನ್ನು ಹಿಡಿದು ಯಾರ ಮನೆಗೂ ನೋಟಿಸ್ ಕಳಿಸಬಾರದು. ಟಿಸಿಗೆ, ಹಲವು ಟಿಸಿಗಳಿಗೆ ಕರೆಂಟ್ ತರುವ ಫೀಡರ್ ಲೈನಿಗೆ, ವಾರ್ಡಿಗೆ ಬಳಸಬೇಕು. ಫೀಡರ್ ಮೀಟರಿನ ನಿಜವಾದ ಓದಿನ ಜೊತೆ ಹೋಲಿಸಿ ತಿದ್ದುತ್ತಾ ಹೋಗಬೇಕು.

ಈಗ ನನ್ನ ದೂರು. ಆ ಭಾನುವಾರದ ಎಣಿಕೆ ಆದ ಮೇಲೆ ನಾನು ಒಂದು ಕಚೇರಿಗೆ ಅರ್ಜಿ ಕೊಟ್ಟೆ. ಯಾವ ಕಚೇರಿ ಅನ್ನುವುದು ಇಲ್ಲಿ ಮುಖ್ಯವಲ್ಲ, ಹೆಸರು ಬೇಡ. ನಾನು ಕೇಳಿದ್ದು ಯಾರ ಹೆಸರನ್ನೂ ಅಲ್ಲ, ಯಾರ ಮನೆ ನಂಬರನ್ನೂ ಅಲ್ಲ. ನಮ್ಮ ಬೀದಿಯ ಒಟ್ಟು ಲೆಕ್ಕ ಮಾತ್ರ, ತಿಂಗಳಿಗೊಂದು ಅಂಕಿ. ಮೂರು ಸಲ ಹೋದೆ. ಮೂರನೇ ಸಲ ಕೌಂಟರಿನಲ್ಲಿ ಇದ್ದವರು ಅರ್ಜಿಯನ್ನು ಮಡಚಿ ನನ್ನ ಕೈಗೇ ವಾಪಸ್ ಕೊಟ್ಟು, "ಇದೆಲ್ಲ ಪರ್ಸನಲ್ ಡೇಟಾ, ಕೊಡಕ್ ಬರಲ್ಲ ಮೇಡಂ" ಅಂದರು. ಬರವಣಿಗೆಯಲ್ಲಿ ಉತ್ತರ ಇಲ್ಲ.

ಖಾಸಗಿತನ ದೊಡ್ಡ ವಿಷಯ. ಯಾವ ಮನೆಯಲ್ಲಿ ಯಾವಾಗ ಕರೆಂಟ್ ಬಳಕೆ ನಿಲ್ಲುತ್ತದೆ ಅಂತ ಗೊತ್ತಾದರೆ ಮನೆಯವರು ಊರಲ್ಲಿಲ್ಲ ಅಂತ ಕಳ್ಳನಿಗೂ ಗೊತ್ತಾಗುತ್ತದೆ. ಹೊಸ ಸಂಪರ್ಕಗಳಿಗೆ ಈಗ ಸ್ಮಾರ್ಟ್ ಮೀಟರ್ ಬರುತ್ತಿರುವಾಗ ಈ ಎಚ್ಚರ ಇನ್ನೂ ಜಾಸ್ತಿ ಬೇಕು. 2023ರ ವೈಯಕ್ತಿಕ ದತ್ತಾಂಶ ಕಾಯ್ದೆ ಇರುವುದೂ ಜನರನ್ನು ಕಾಯಲಿಕ್ಕೇ. ಆದರೆ ಐವತ್ತು ಮನೆಯ ಮೊತ್ತದಲ್ಲಿ ಯಾರ ಗುಟ್ಟೂ ಇಲ್ಲ. ನ್ಯೂಯಾರ್ಕಿನಲ್ಲಿ 2009ರಲ್ಲೇ ಕಾನೂನು ತಂದು, ದೊಡ್ಡ ಕಟ್ಟಡಗಳು ವರ್ಷವರ್ಷ ತಮ್ಮ ಬಳಕೆಯನ್ನು ನಗರಕ್ಕೆ ಒಪ್ಪಿಸುವಂತೆ ಮಾಡಿದರು. ಅದನ್ನು ಯಾರು ಬೇಕಾದರೂ ನೋಡಬಹುದು. ಎಷ್ಟು ಮಿತವಾಗಿ ಬಳಸುತ್ತಾರೆ ಅನ್ನುವ ದರ್ಜೆಯನ್ನು ಈಗ ಬಾಗಿಲ ಹತ್ತಿರ ಅಂಟಿಸಬೇಕು. ಅಲ್ಲಿ ಮುಚ್ಚಿಡುವುದು ಮನೆಯವರದ್ದು, ತೆರೆದಿಡುವುದು ಗೋಪುರಗಳದ್ದು. ನಮ್ಮಲ್ಲಿ ಎರಡೂ ಮುಚ್ಚಿಯೇ ಇವೆ.

ನಮ್ಮಲ್ಲೂ ನಿಯಮಗಳಿಗೆ ಕೊರತೆ ಇಲ್ಲ. 2007ರಿಂದ ಇಂಧನ ಉಳಿತಾಯದ ಕಟ್ಟಡ ಸಂಹಿತೆ ಇದೆ. 100 ಕಿಲೋವ್ಯಾಟ್ ಅಥವಾ ಅದಕ್ಕೂ ಮೇಲಿನ ಲೋಡಿನ ವಾಣಿಜ್ಯ ಕಟ್ಟಡಗಳಿಗೆ ಅದು. ಮನೆಗಳಿಗೆ 2018ರಲ್ಲಿ ಇಕೋ ನಿವಾಸ್ ಸಂಹಿತೆ ಬಂತು. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಹವಾಮಾನ ಕ್ರಿಯಾ ಯೋಜನೆ ಬಂತು, 2050ರ ಗುರಿ ಇಟ್ಟುಕೊಂಡು. ಅದರಲ್ಲೂ ಕಟ್ಟಡಗಳ ಪಾಲು ದೊಡ್ಡದು. ಗುರಿ ತಲುಪುತ್ತಿದ್ದೇವೋ ಇಲ್ಲವೋ ಅಂತ ಯಾವ ಲೆಕ್ಕದಿಂದ ಹೇಳುತ್ತೀರಿ? ನಕ್ಷೆ ಮಂಜೂರಾದ ದಿನ ನಾವು ಸಲ್ಲಿಸಿದ ವರದಿ ಇರುತ್ತದೆ, ನಿಜ. ಕಟ್ಟಡ ತುಂಬಿ ಮೂರು ವರ್ಷ ಆದ ಮೇಲೆ ನಿಜವಾಗಿ ಎಷ್ಟು ಬಳಸಿತು ಅಂತ ನನ್ನನ್ನು ಈ ಹದಿನಾಲ್ಕು ವರ್ಷದಲ್ಲಿ ಯಾರೂ ಕೇಳಿಲ್ಲ. ನನ್ನ ಲೆಕ್ಕ ಸರಿ ಇತ್ತೋ ತಪ್ಪಿತ್ತೋ ನನಗೂ ಗೊತ್ತಾಗಬೇಕಲ್ವಾ?

ನಿಮ್ಮಲ್ಲಿ ನನ್ನ ಮೊದಲ ಮತ್ತು ದೊಡ್ಡ ಬೇಡಿಕೆ ಇದು. ಇ-ಖಾತಾದ ಆಸ್ತಿ ನಂಬರನ್ನೂ ವಿದ್ಯುತ್ ಅಕೌಂಟ್ ಐಡಿಯನ್ನೂ ಕಾನೂನಿನ ಚೌಕಟ್ಟಿನಲ್ಲಿ ಕೂಡಿಸಿ. ಹೆಸರು, ಆಧಾರ್ ಎಲ್ಲ ತೆಗೆದುಹಾಕಿ. ಉಳಿದದ್ದನ್ನು ಭಾರತೀಯ ವಿಜ್ಞಾನ ಸಂಸ್ಥೆಯಂಥ ಒಂದು ಸರ್ಕಾರಿ ವಿದ್ಯಾಸಂಸ್ಥೆಯ ಕೈಗೆ, ಬಿಗಿ ಕರಾರಿನ ಮೇಲೆ ಕೊಡಿ. ಅವರು ಕಟ್ಟುವ ಮಾದರಿಯ ಊಹೆಗಳೆಲ್ಲ ಜನರಿಗೆ ಕಾಣಬೇಕು. ಫಲಿತಾಂಶ ಬೀದಿ ಮಟ್ಟದಲ್ಲಿ, ಟಿಸಿ ಮಟ್ಟದಲ್ಲಿ ಹೊರಬರಬೇಕು. ಹಿಂದೆ ವಿಮಾನದಿಂದ ಲೈಡಾರ್ (ಲೇಸರ್ ಕಿರಣದಿಂದ ಅಳೆಯುವ) ಸಮೀಕ್ಷೆ ಮಾಡಿ ಬೆಂಗಳೂರಿನ ಯಾವ ಛಾವಣಿ ಮೇಲೆ ಎಷ್ಟು ಸೋಲಾರ್ ಹಾಕಬಹುದು ಅಂತ ಲೆಕ್ಕ ತೆಗೆದಿದ್ದೀರಿ. ಛಾವಣಿ ಮೇಲಿನದ್ದು ಆಯಿತು. ಈಗ ಛಾವಣಿ ಕೆಳಗಿನದ್ದನ್ನು ಮಾಡಿ.

ಎಲ್ಲ ಕಡೆ ಒಟ್ಟಿಗೆ ಬೇಡ. 2025ರಲ್ಲಿ ಊರು ಐದು ಪಾಲಿಕೆಗಳಾಗಿದೆ. ಅದರಲ್ಲಿ ಒಂದನ್ನು ಆರಿಸಿಕೊಳ್ಳಿ. ಆ ಪಾಲಿಕೆಯ ಎಂಜಿನಿಯರಿಂಗ್ ಕಾಲೇಜುಗಳ ಮಕ್ಕಳನ್ನು ವಾರ್ಡಿಗೆ ಕೆಲವು ನೂರು ಮನೆಯಂತೆ ಕಳಿಸಿ. ಎಸಿ ಎಷ್ಟು, ಗೀಸರ್ ಎಂಥದ್ದು, ಯಾವ ಕಿಟಕಿಗೆ ನೆರಳಿಲ್ಲ, ಮಧ್ಯಾಹ್ನ ಮನೆಯಲ್ಲಿ ಯಾರಿರುತ್ತಾರೆ ಅಂತ ಒಪ್ಪಿಗೆ ಪಡೆದು ಬರೆದುಕೊಂಡು ಬರಲಿ. ಹವಾಮಾನಕ್ಕೆ ಹಳೆಯ ಸರಾಸರಿ ಕಡತ ಸಾಲದು. ಆ ಕಡತದಲ್ಲಿ 2024ರ ಏಪ್ರಿಲ್ ಇಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಯಂತ್ರಗಳು ನಗರದೊಳಗೇ ಇವೆ, ಅವುಗಳ ಅಂಕಿ ಬಳಸಿ. ದೊಡ್ಡ ವಾಣಿಜ್ಯ ಕಟ್ಟಡಗಳ ಮತ್ತು ಸರ್ಕಾರಿ ಕಚೇರಿಗಳ ವರ್ಷದ ಬಳಕೆಯನ್ನು ಚದರಡಿ ಲೆಕ್ಕದಲ್ಲಿ ಬಹಿರಂಗ ಮಾಡಿ. ಸರ್ಕಾರಿ ಕಚೇರಿಗಳಿಂದಲೇ ಶುರುವಾಗಲಿ. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ ಅಲ್ವಾ?

ನಮ್ಮ ಬೀದಿಯ ನೋಟ್‌ಬುಕ್ ನನ್ನ ಹತ್ತಿರ ಜೋಪಾನವಾಗಿದೆ. 46 ಕಟ್ಟಡದ ಮಹಡಿ, ಛಾವಣಿ, ಎಸಿ, ಟ್ಯಾಂಕು, ಎಲ್ಲ ಅಣ್ಣನ ಮಗಳ ಅಕ್ಷರದಲ್ಲಿದೆ. ಕಂಪ್ಯೂಟರಿನಲ್ಲಿ ಮಾದರಿಯನ್ನೂ ಅರ್ಧ ಕಟ್ಟಿಟ್ಟಿದ್ದೇನೆ. ಹೋಲಿಸಿ ನೋಡಲು ಆ ಟಿಸಿಯ ತಿಂಗಳ ಒಟ್ಟು ಯೂನಿಟ್ ಮಾತ್ರ ಬಾಕಿ ಇದೆ. ನೀವು ಕರೆದ ದಿನ ರಜೆ ಹಾಕಿ, ಎರಡನ್ನೂ ತೆಗೆದುಕೊಂಡು ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ನಿವಾಸಿ, ಕಟ್ಟಡ ಎಂಜಿನಿಯರ್